ಸರಕಿನ ಬಾಗಿಲು

ಹೋಮ್‌ಸ್ಟೆಡ್
ಅಕ್ಟೋಬರ್ ೧೯

ಎಮಿಲ್,

ಔತಣದ ರಾತ್ರಿ ನೀನು ‘ನಾವು ದಾಟಲಿಲ್ಲವಲ್ಲ’ ಎಂದೆಯೋ, ‘ಇದು ದಾಟಿದ ಹಾಗಲ್ಲ’ ಎಂದೆಯೋ, ಈಗ ಸರಿಯಾಗಿ ನೆನಪಿಲ್ಲ. ಹೋಟೆಲಿನ ಮುಂಬಾಗಿಲಲ್ಲಿ ಮುಷ್ಕರದ ಹೆಂಗಸರು ಫಲಕ ಹಿಡಿದು ಸುತ್ತುತ್ತಿದ್ದರು. ಅಂಥ ಸಾಲನ್ನು ದಾಟಿ ಒಳಗೆ ಹೋಗುವವನು ನಮ್ಮ ಮನೆಗಳಲ್ಲಿ ಮನುಷ್ಯನೇ ಅಲ್ಲ. ಹಾಗೆ ದಾಟಿದ್ದ ಎಂಬ ಒಂದೇ ಕಾರಣಕ್ಕೆ ನಿನ್ನಪ್ಪ ಸ್ವಂತ ತಮ್ಮನ ಮಣ್ಣಿಗೂ ಹೋಗಲಿಲ್ಲ. ಆದ್ದರಿಂದ ನೀನು ಕಾರು ತಿರುಗಿಸಿದೆ. ಮನೆಗಲ್ಲ, ಹಿಂದೆ ಸರಕು ಇಳಿಸುವ ಬಾಗಿಲಿಗೆ. ವಕೀಲರ ಸಂಘ ನಿನ್ನ ಗೌರವಕ್ಕೆ ಏರ್ಪಡಿಸಿದ್ದ ಔತಣ, ತಪ್ಪಿಸುವುದು ಹೇಗೆ?

ಅಲ್ಲಿಯೂ ಮುಷ್ಕರದವರು ಸರದಿಯಂತೆ ಕೂರುತ್ತಿದ್ದರು, ಆ ಹೊತ್ತಿಗೆ ಒಬ್ಬಳಿದ್ದಳು. ಮಗುಚಿದ ಬಕೆಟ್ಟಿನ ಮೇಲೆ ಕುಳಿತಿದ್ದ ವರ್ನಾ. ಆ ಹೋಟೆಲಿನ ಕೋಣೆಗಳನ್ನು ಚೊಕ್ಕ ಮಾಡುವವಳು. ಅವಳಪ್ಪನ ಕಾರ್ಖಾನೆಯ ಕೆಲಸ ಉಳಿಸಿಕೊಟ್ಟದ್ದು ನೀನೇ, ನ್ಯಾಯಾಧೀಶನಾಗುವ ಮೊದಲು, ಕಾರ್ಮಿಕರ ವಕೀಲನಾಗಿದ್ದ ಕಾಲದಲ್ಲಿ.

‘ಓಹೋ, ಲಾಯರ್ ಸಾಹೇಬ್ರು! ಬನ್ನಿ ಬನ್ನಿ. ಇವತ್ತು ಮ್ಯಾನೇಜರೇ ಆಲೂಗಡ್ಡೆ ಸುಲ್ದವ್ರೆ. ಉಗುರು ಗಿಗುರು ಸಿಕ್ರೆ ತಟ್ಟೆ ಪಕ್ಕಕ್ಕೆ ತೆಗ್ದಿಡಿ’ ಎಂದಳು.

ನೀನು ಅವಳಪ್ಪನನ್ನು ವಿಚಾರಿಸಿದೆ.

‘ಹೋಗಿ ಎರಡ್ ವರ್ಷ ಆಯ್ತಲ್ಲ. ನಿಮ್ಮ ಕೋರ್ಟಿಂದ ಬಂದ್ಮೇಲೆ ಜಾಸ್ತಿ ದಿನ ಉಳೀಲಿಲ್ಲ. ನಿಮ್ಮನ್ನ ಬೈಲಿಲ್ಲ ಬಿಡಿ. ಏನೋ ಕೈಲಾಗ್ದೆ ಎಮಿಲ್ಲು ಹಂಗೆ ಬರ್ದವ್ನೆ ಅಂತಿದ್ದ.’

ನೀನು ಅವಳನ್ನು ದಾಟಿ ಒಳಗೆ ಹೋಗಿ, ಅಡುಗೆಮನೆಯ ಫ್ರಿಜ್ಜಿನ ಹೊಳೆಯುವ ಬಾಗಿಲಲ್ಲಿ ಮುಖ ನೋಡಿ ಟೈ ಸರಿಮಾಡಿಕೊಂಡೆ.

ನನಗೆ ಬಂದದ್ದು ಕೋಪವಲ್ಲ. ಕೋಪ ಬಂದಿದ್ದರೆ ಈ ಕಾಗದ ಬೇಕಿರಲಿಲ್ಲ. ಬಾಯಲ್ಲಿ ಹಳಸಿದ ಕೊಬ್ಬಿನ ರುಚಿ, ಉಗುಳಲು ಜಾಗವಿಲ್ಲ, ಸುತ್ತ ಬಿಳಿ ಮೇಜುಬಟ್ಟೆ. ವೇದಿಕೆಯಲ್ಲಿ ನೀನು ಕುಲುಮೆಯಲ್ಲಿ ಸುಟ್ಟ ನಿನ್ನಪ್ಪನ ಕೈಯ ಕಥೆ ಹೇಳಿದೆ. ಕಂಪನಿಗಳ ವಕೀಲರು ಕಣ್ಣೊರೆಸಿಕೊಂಡರು.

ದೇಶದ ಅಧ್ಯಕ್ಷರು ನಿನ್ನನ್ನು ನ್ಯಾಯಪೀಠಕ್ಕೆ ಹೆಸರಿಸಿದ ವರ್ಷ ಸೆನೆಟಿನಲ್ಲಿ ಒಬ್ಬ ಮುದುಕ ಕೇಳಿದ್ದ, ಕಾರ್ಮಿಕರು ಬಂದು ನಿಂತರೆ ಅವರ ಕಡೆ ವಾಲುತ್ತೀರೋ ಎಂದು. ನೀನು ಇಲ್ಲ ಎಂದೆ. ಅಲ್ಲಿಂದ ಇಲ್ಲಿಯವರೆಗೆ ಆ ಒಂದು ‘ಇಲ್ಲ’ವನ್ನು ರುಜುವಾತುಪಡಿಸುವುದೇ ನಿನ್ನ ಉದ್ಯೋಗವಾಯಿತು. ಮುದುಕ ಸತ್ತ ಮೇಲೂ. ವರ್ನಾಳ ಅಪ್ಪ ಮತ್ತು ಅವನ ಜೊತೆಯವರು ಕಂಪನಿ ನಿಲ್ಲಿಸಿದ ಆಸ್ಪತ್ರೆ ಖರ್ಚಿಗಾಗಿ ನಿನ್ನೆದುರು ಬಂದಾಗ ನೀನು ತೀರ್ಪಿನಲ್ಲಿ ಪುಟಗಟ್ಟಲೆ ಮರುಗಿದೆ. ಕೊನೆಯ ಸಾಲಿನಲ್ಲಿ, ದಾವೆ ಹೂಡುವ ಅವಧಿ ಮೀರಿದೆ ಎಂದೆ. ಅವರ ವಿರುದ್ಧ ನೀನು ಎಂದೂ ಏನೂ ಹೇಳಿಲ್ಲ. ತಡವಾಯಿತು ಎಂದಿದ್ದೀ, ಇಲ್ಲಿಗಲ್ಲ ಅಲ್ಲಿಗೆ ಹೋಗಿ ಎಂದಿದ್ದೀ. ಎಷ್ಟು ಸ್ವಚ್ಛ ಕೈ! ಆ ಕೈ ನನ್ನ ಭುಜದ ಮೇಲೆ ಬಿದ್ದರೆ ಈಗ ಮೈ ಮುದುಡಿಕೊಳ್ಳುತ್ತದೆ.

ವಾಪಸು ಬರುವಾಗ ಕಾರಿನಲ್ಲಿ ನೀನು ಉಲ್ಲಾಸವಾಗಿದ್ದೆ. ಸರಕಿನ ಬಾಗಿಲಿನ ಹೆಂಗಸರನ್ನು ಎಬ್ಬಿಸಿ ಎಂದು ಹೋಟೆಲಿನವರು ಕೋರ್ಟಿಗೆ ಬರುತ್ತಾರೆ, ಅದು ನನ್ನ ಪೀಠಕ್ಕೇ ಬರಲಿ, ನಿವೃತ್ತಿಗೆ ಮುಂಚೆ ಇಂಥದ್ದೊಂದು ಬೇಕಿತ್ತು, ನಾನೇ ಅವರನ್ನು ಎಬ್ಬಿಸಿದರೆ ಪಕ್ಷಪಾತಿ ಎಂದು ಇನ್ನು ಯಾರೂ ಅನ್ನಲಾರರು ಎಂದೆ ನೀನು. ಸೇತುವೆಯ ಕೆಂಪುದೀಪದಲ್ಲಿ ನಾನು ಇಳಿದುಬಿಟ್ಟೆ. ನನಗೆ ಮೈ ಸರಿಯಿಲ್ಲವೇನೋ ಅಂದುಕೊಂಡೆಯಂತೆ.

ನಿನ್ನೆ ನಿನ್ನ ಗುಮಾಸ್ತೆ ಫೋನು ಮಾಡಿದ್ದಳು. ‘ಸರ್ ಕೇಳ್ತಿದಾರೆ ಮೇಡಂ, ನೀವು ಯಾವಾಗ ಬರ್ತೀರಿ ಅಂತ.’ ಪಾಪದ ಹುಡುಗಿ. ಹೆಂಡತಿಯನ್ನು ಕರೆಸಿಕೊಳ್ಳುವುದಕ್ಕೂ ನಿನಗೆ ಇನ್ನೊಬ್ಬರ ಬಾಯಿ ಬೇಕು. ತಂಗಿಯ ಮನೆಯಲ್ಲಿ ಚೆನ್ನಾಗಿದ್ದೇನೆ. ಚರ್ಚಿನ ನೆಲಮಾಳಿಗೆಯಲ್ಲಿ ಮುಷ್ಕರದವರಿಗೆ ಪಿಯರೋಗಿ ಕಡುಬು ಕಟ್ಟುತ್ತೇವೆ. ನನ್ನವು ಬೇಯುವಾಗ ಬಾಯಿ ಬಿಟ್ಟುಕೊಳ್ಳುತ್ತವೆ, ವರ್ನಾ ನಗುತ್ತಾಳೆ. ಸದ್ಯಕ್ಕೆ ಬರುವುದಿಲ್ಲ.

ಇನ್ನೂ ನಿನ್ನ ಹೆಸರಿನವಳೇ ಆದ
ಲೊರೆಟ್ಟಾ

ಮರೆತ ಮಾತು: ಇಲ್ಲ, ಮರೆತದ್ದಲ್ಲ. ಬೆಳಗಿನ ಹೊತ್ತು ನಾನೂ ಸರಕಿನ ಬಾಗಿಲಲ್ಲಿ ಕೂರುತ್ತೇನೆ. ಕೋರ್ಟಿಗೆ ಕೊಡಲೆಂದು ಹೋಟೆಲಿನ ಕಾವಲಿನವನು ಎಲ್ಲರ ಹೆಸರು ಬರೆದುಕೊಂಡ. ತವರಿನ ಹೆಸರು ಹೇಳಬಹುದಿತ್ತು. ನಿನ್ನ ಮನೆತನದ್ದನ್ನೇ ಅಕ್ಷರ ಬಿಡಿಸಿ ಹೇಳಿದೆ. ಹೋಟೆಲಿನವರ ಅರ್ಜಿ ನೀನು ಬಯಸಿದಂತೆ ನಿನ್ನ ಪೀಠಕ್ಕೇ ಬಂದಿದೆಯಂತೆ. ಪ್ರತಿವಾದಿಗಳಲ್ಲಿ ನಾನೂ ಒಬ್ಬಳು. ಹೆಂಡತಿ ಕಕ್ಷಿಯಾದ ಪ್ರಕರಣವನ್ನು ಗಂಡ ವಿಚಾರಿಸುವಂತಿಲ್ಲ, ಅದಕ್ಕೆಂದೇ ಬರೆಸಿದೆ. ನೀನು ಈಗಾಗಲೇ ನನ್ನಿಂದ ವಿಚ್ಛೇದನ ಪಡೆದು ಆ ಕುರ್ಚಿಯಲ್ಲೇ ಕೂರುವ ದಾರಿ ಹುಡುಕುತ್ತಿದ್ದೀಯೇನು, ಎಮಿಲ್?