ಅಕ್ಕನ ಏಕವಚನ

ಹಾಡು ಮತ್ತು ಪುಸ್ತಕಗಳನ್ನು ಪರಿಶೀಲಿಸುವ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕನ ಹಾಡಿನಿಂದ ತಾವು ಒಂದು ಪದವನ್ನು ಕಿತ್ತುಕೊಂಡಿದ್ದೀರಿ. ಅದನ್ನು ವಾಪಸು ಕೇಳಲು ಬರೆಯುತ್ತಿದ್ದೇನೆ. ಆ ಪದ ‘ನಾನು’. ಸಾರ್ವಜನಿಕವಾಗಿ ಹಾಡುವ, ಅಚ್ಚಾಗುವ ಯಾವುದರಲ್ಲೂ ಇನ್ನು ಮುಂದೆ ‘ನಾನು’ ಇರಕೂಡದು, ಅದು ಸ್ವಾರ್ಥವನ್ನು ಬೆಳೆಸುತ್ತದೆ, ಎಲ್ಲೆಡೆ ‘ನಾವು’ ಎಂದೇ ಇರತಕ್ಕದ್ದು ಎಂದು ತಮ್ಮ ಸುತ್ತೋಲೆ ಅಪ್ಪಣೆ ಕೊಡಿಸಿದೆ. ಈ ಪತ್ರದಲ್ಲೂ ಆ ಪದ ಹತ್ತಾರು ಸಲ ನುಸುಳಲಿದೆ, ಮೊದಲೇ ಹೇಳಿಬಿಡುತ್ತೇನೆ.

ಬಹುವಚನವೇನೂ ನಮಗೆ ಹೊಸದಲ್ಲ. ಒಬ್ಬಳೇ ಮಗಳಾಗಿ ಬೆಳೆದವಳೂ ‘ನಮ್ಮಮ್ಮ’ ಎನ್ನುತ್ತಾಳೆ. ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುವವನೂ ‘ನಮ್ಮನೆಗೆ ಬನ್ನಿ’ ಎಂದು ಕರೆಯುತ್ತಾನೆ. ಹಾಗೆಂದು ವೈದ್ಯರ ಮುಂದೆ ಕೂತು ‘ನಮ್ಮ ಹೊಟ್ಟೆ ನೋಯುತ್ತಿದೆ’ ಎಂದವರನ್ನು ತಾವು ಕಂಡಿದ್ದೀರಾ? ನಮ್ಮ ಬೀದಿಯ ಕಾದಂಬರಿಕಾರರು ತಮ್ಮ ಸುತ್ತೋಲೆಗೆ ಅಂಜಿ ಇಡೀ ಕಾದಂಬರಿಯನ್ನು ತಿದ್ದಿದರು. ಈಗ ಅದರ ನಾಯಕ ಹುಡುಗಿಯ ಕೈಹಿಡಿದು ‘ನಾವು ನಿನ್ನನ್ನು ಪ್ರೀತಿಸುತ್ತೇವೆ’ ಎನ್ನುತ್ತಾನೆ. ಆ ಹುಡುಗಿ ಕಿರುಚಿಕೊಂಡು ಓಡದಿದ್ದರೆ ಅದು ಅವಳ ಧೈರ್ಯ! ನಗು ಬರುತ್ತದೆ ನಿಜ. ಆದರೆ ಆ ಮನುಷ್ಯ ಅಂದಿನಿಂದ ಒಂದು ಸಾಲೂ ಬರೆದಿಲ್ಲ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಅವಳು ಹಾಡುತ್ತಾಳೆ, ನಾನು ಪಕ್ಕದಲ್ಲಿ ಕೂತು ಹಾರ್ಮೋನಿಯಂ ನುಡಿಸುತ್ತೇನೆ. ಹೋದ ವರ್ಷ ಅವಳ ಮಗಳು ಜ್ವರದಲ್ಲಿ ತೀರಿಕೊಂಡಳು. ಅಕ್ಕ ಅಳಲಿಲ್ಲ, ಯಾರ ಹತ್ತಿರವೂ ಮಗಳ ಮಾತೆತ್ತಲಿಲ್ಲ, ಕಿಟಕಿಯಲ್ಲಿದ್ದ ಅವಳ ಬಾಚಣಿಗೆಯನ್ನು ಮುಟ್ಟಲೂ ಬಿಡಲಿಲ್ಲ. ಕೊನೆಗೊಂದು ಹಾಡು ಕಟ್ಟಿದಳು. ‘ಜಡೆ ಹೆಣೆದ ಬೆರಳಿವು, ಇನ್ನೇನು ಹೆಣೆಯಲಿ ನಾನು’ ಎಂಬುದು ಅದರ ಪಲ್ಲವಿ. ತಮ್ಮ ಕಚೇರಿಯಿಂದ ಅದು ‘ಇನ್ನೇನು ಹೆಣೆಯೋಣ ನಾವು’ ಎಂದಾಗಿ, ಮೊಹರು ಒತ್ತಿಸಿಕೊಂಡು ಬಂತು. ಬುಟ್ಟಿ ಹೆಣೆಯುವವರ ಸಂಘದ ಸಭೆಯ ಹಾಗೆ ಕೇಳಿಸುವುದಿಲ್ಲವೇ? ಅಕ್ಕ ಓದಿ, ಕಾಗದ ಮಡಚಿ, “ಇವರ್ಯಾರೂ ಅವಳ ತಲೆ ಬಾಚಿಲ್ವಲ್ಲೇ” ಎಂದಳು. ಅವಳ ಬಾಯಲ್ಲಿ ಮಗಳ ಸುದ್ದಿ ಬಂದದ್ದು ಅದೇ ಮೊದಲು.

ಸಭಾಂಗಣದಲ್ಲಿ ಆ ಸಾಲು ಬಂದಾಗ ಅವಳು ‘ನಾವು’ ಎನ್ನಲಿಲ್ಲ, ‘ನಾನು’ ಎಂದೂ ಅನ್ನಲಿಲ್ಲ. ‘ಇನ್ನೇನು ಹೆಣೆಯಲಿ’ ಎಂದವಳೇ ಬಾಯಿ ಮುಚ್ಚಿದಳು. ನಾನು ಸ್ವರ ಹಿಡಿದು ಕಾದೆ. ಮುಂದಿನ ಸಾಲಿನ ಮುದುಕರೊಬ್ಬರು ಮೆಲ್ಲಗೆ ‘ನಾನು’ ಎಂದರು. ಹಿಂದಿನಿಂದ ಒಬ್ಬ ಹೆಂಗಸು ಅಂದಳು. ಆಮೇಲೆ ಬಾಗಿಲ ಬಳಿ ನಿಂತಿದ್ದ ಇನ್ಯಾರೋ. ಒಟ್ಟಿಗೆ ಅಲ್ಲ ಸ್ವಾಮಿ, ಒಬ್ಬೊಬ್ಬರೂ ತಮ್ಮ ತಮ್ಮ ನೋವು ನೆನಪಾದ ಹಾಗೆ. ಇದು ದಂಗೆಯೇ? ತಮ್ಮ ವರದಿಯಲ್ಲಿ ‘ಪ್ರಚೋದನೆ’ ಎಂದಿದೆಯಂತೆ. ಸುಮ್ಮನಿದ್ದು ಪ್ರಚೋದಿಸುವುದು ಹೇಗೆಂದು ತಾವೇ ವಿವರಿಸಬೇಕು.

ಮರುವಾರ ಅಕ್ಕನನ್ನು ಕರೆಸಿದರು. ಬಹುವಚನದ ಕಾವಲಿಗೆ ತಾವು ನೇಮಿಸಿದ ಆ ಅಧಿಕಾರಿ, ವಯಸ್ಸಿನಲ್ಲಿ ಹಿರಿಯಳಾದ ಅವಳನ್ನು ನಿಲ್ಲಿಸಿಕೊಂಡು ಏಕವಚನದಲ್ಲೇ ಮಾತಾಡಿಸಿದರು.

“ಏನಮ್ಮ, ನಿನಗೆ ಬುದ್ಧಿ ಇಲ್ವಾ? ತಪ್ಪೊಪ್ಪಿಗೆ ಬರೆದುಕೊಟ್ಟು ಹೋಗು.”

“ಏನಂತ ಬರೀಲಿ ಸಾರ್?”

“ನಾನು ಬೇಕೂಂತಲೇ ಮಾಡಿದೆ, ಇದಕ್ಕೆಲ್ಲ ನಾನೊಬ್ಬಳೇ ಹೊಣೆ ಅಂತ.”

“‘ನಾನು’ ಅಂತ ಬರೀಬಹುದಾ?”

“ಮತ್ತಿನ್ನೇನು? ಮಾಡಿದೋಳು ನೀನು ತಾನೇ?”

ಅಕ್ಕ ನಕ್ಕುಬಿಟ್ಟಳು. ಅಧಿಕಾರಿಗೆ ಅದು ಅಹಂಕಾರವಾಗಿ ಕಂಡಿತು. ಸೋಮವಾರದೊಳಗೆ ಕಾಗದ ಬಾರದಿದ್ದರೆ ಅವಳು ಇನ್ನೆಂದೂ, ಎಲ್ಲೂ ಹಾಡುವಂತಿಲ್ಲ ಎಂದು ಗದರಿ ಕಳಿಸಿದರು.

ಅಂದರೆ ದುಃಖಪಡಲು ‘ನಾವು’, ಶಿಕ್ಷೆ ಅನುಭವಿಸಲು ‘ನಾನು’. ಇದು ಯಾವ ವ್ಯಾಕರಣ ಮಾನ್ಯರೇ? ನನಗೆ ಸಿಟ್ಟು ನೆತ್ತಿಗೇರಿದೆ, ಭಯವೂ ಆಗಿದೆ. ಹಾಡು ನಿಂತರೆ ಅಕ್ಕ ಮತ್ತೆ ಗೋಡೆ ನೋಡುತ್ತ ಕೂರುತ್ತಾಳೆ. ಆ ದಿನಗಳನ್ನು ಅವಳ ಜೊತೆ ಕಳೆದವಳು ನಾನು, ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ತಪ್ಪೊಪ್ಪಿಗೆ ಬೇಕೇ ಬೇಕೆಂದರೆ ತಮ್ಮ ನಿಯಮದ ಪ್ರಕಾರವೇ ಕೊಡುತ್ತೇವೆ: ‘ನಾವು ತಪ್ಪು ಮಾಡಿದ್ದೇವೆ.’ ‘ನಾವು’ ಎಂದರೆ ಸರ್ಕಾರವೂ ಸೇರಿ ಎಂದು ತಾವೇ ವೇದಿಕೆಗಳಲ್ಲಿ ಸಾರುವುದರಿಂದ, ಅಕ್ಕನ ಸಹಿಯ ಕೆಳಗೆ ದಯವಿಟ್ಟು ತಮ್ಮದೂ ಇರಲಿ. ಅದಕ್ಕೆ ಮನಸ್ಸಿಲ್ಲವೆಂದರೆ ಆ ಪದವನ್ನು ಹಾಡಿಗೆ ಮರಳಿಸಿ, ಅವಳ ಪಾಡಿಗೆ ಅವಳನ್ನು ಹಾಡಲು ಬಿಡಿ. ಸತ್ತದ್ದು ‘ನಮ್ಮ’ ಮಗಳಲ್ಲ, ಅವಳ ಮಗಳು.

ಇಂತಿ,
ಬಹುವಚನಕ್ಕೆ ಇನ್ನೂ ಪಳಗದ
ಹಾರ್ಮೋನಿಯಂನವಳು