ಗಟ್ಟಿಯಾಗಿ ಓದದ ಸಾಲುಗಳು

ಇಚಲಕರಂಜಿ
14 ಜುಲೈ 2025, ಸೋಮವಾರ

ನನ್ನ ಅವ್ವನಿಗೆ ಮಗಳ ನಮಸ್ಕಾರ.

ಫೋನು ಹತ್ತುತ್ತಿಲ್ಲವೆಂದು ಗಾಬರಿಯಾಗಬೇಡ. ಕೈಜಾರಿ ಬಿದ್ದು ಒಡೆದಿದೆ. ಅದಕ್ಕೇ ಈ ಕಾಗದ. ಈ ಸಲವೂ ನನಗೆ ನಾಗರ ಪಂಚಮಿಗೆ ತವರಿಗೆ ಬರಲಾಗುವುದಿಲ್ಲ, ಕರೆಯಲು ಯಾರನ್ನೂ ಕಳಿಸಬೇಡ. ಮಗ್ಗದ ಕೆಲಸ ಜೋರಿದೆ. ಲಾಳಿಯೊಳಗೆ ಕೂರುವ ಕಾಂಡಿಗೆ ನೂಲು ಸುತ್ತಲು ಅತ್ತೆ ಮತ್ತು ನಾನು ಇಬ್ಬರೇ.

ಅವ್ವಾ, ಇವರು ಬರೆಯಲು ಹೇಳಿದ್ದು ಇಷ್ಟೇ. ಇನ್ನು ಮುಂದಿನದು ನನ್ನದು.

ಅತ್ತೆ ಪಕ್ಕದಲ್ಲೇ ಕೂತಿದ್ದಾರೆ. ಬರೆದಾದ ಮೇಲೆ ಅವರಿಗೆ ಓದಿ ಹೇಳಬೇಕು, ಆಮೇಲೆ ಅವರೇ ಅಂಟಿಸಿ ಅಂಚೆಗೆ ಹಾಕಿಸುತ್ತಾರೆ. ಈ ಮನೆಯಲ್ಲಿ ಎಲ್ಲರ ಮಾತೂ ಕನ್ನಡ, ಎಲ್ಲರ ಶಾಲೆಯೂ ಮರಾಠಿ. ನಮ್ಮ ಅಕ್ಷರ ಒಬ್ಬರಿಗೂ ಬರುವುದಿಲ್ಲ. ಈಗಷ್ಟೇ ಅತ್ತೆ ಹಾಳೆಯ ಮೇಲೆ ಬಗ್ಗಿ, "ಏನ್ ಚಂದ ಬರೀತಿದಿ ಬೇ, ಇರಬಿ ಸಾಲ ಹೊಂಟಂಗ ಐತಿ" ಎಂದರು. ನಮ್ಮ ಅಕ್ಷರ ಅವರಿಗೆ ಇರುವೆಯ ಸಾಲು. ನಾನೂ ನಕ್ಕೆ. ಆದ್ದರಿಂದ ನಿಜ ಬರೆದ ಕಡೆಗೆಲ್ಲ ಗಟ್ಟಿಯಾಗಿ ಅಮೇರಿಕದ ಮಾತಿನ ಕಥೆಯನ್ನೇ ಎಳೆದು ಎಳೆದು ಓದುತ್ತೇನೆ. ಹಾಳೆಯ ಉದ್ದಕ್ಕೆ ಬಾಯಿಯ ಉದ್ದ ಸರಿಹೋಗಬೇಕಲ್ಲ!

ಅಮೇರಿಕದ ಮಾತು ನಿನಗೆ ಎಲ್ಲಿ ಸಿಕ್ಕಿತು ಎಂದು ಕೇಳುತ್ತೀ. ನಾದಿನಿ ರೂಪಾಲಿಗೆ ಕಾಲೇಜಿನಲ್ಲಿ ಒಂದು ಕೆಲಸ ಕೊಟ್ಟಿದ್ದರು. ಅಮೇರಿಕದ ಜನ ಬೀದಿಯಲ್ಲಿ ಹುಟ್ಟಿಸಿದ ಮಾತು, ಅಡ್ಡಹೆಸರು ಎಲ್ಲೆಲ್ಲಿಂದ ಬಂದವು ಎಂದು ಹುಡುಕುವುದು. ಅವಳು ಓದಿ ಅರ್ಥ ಹೇಳುವಳು, ನಾನು ಕಾಂಡಿ ಸುತ್ತುತ್ತ ಅದನ್ನು ಕಥೆ ಮಾಡುವೆ. ನಿನ್ನ ಮಗಳಲ್ಲವೇ.

ನಾವು ದಿನಕ್ಕೆ ನೂರು ಸಲ ಅನ್ನುವ ಓಕೆ ಇದೆಯಲ್ಲ, ಅದು ಹುಟ್ಟಿದ್ದು ಚೇಷ್ಟೆಯಲ್ಲಿ. ಬಾಸ್ಟನ್ ಎಂಬ ಪಟ್ಟಣದ ಪತ್ರಿಕೆಯವರಿಗೆ ಒಂದು ಹುಚ್ಚು ಹಿಡಿದಿತ್ತಂತೆ. ಮಾತನ್ನು ಬೇಕೆಂತಲೇ ತಪ್ಪು ಬರೆದು ಮೊದಲಕ್ಷರಗಳನ್ನಷ್ಟೇ ಅಚ್ಚು ಹಾಕುವುದು. 'ಎಲ್ಲ ಸರಿ' ಎನ್ನುವ ಆಲ್ ಕರೆಕ್ಟನ್ನು ಓಲ್ ಕೊರೆಕ್ಟ್ ಎಂದು ಕೆಡಿಸಿದಾಗ ಬಂದದ್ದು ಓಕೆ. ಮರುವರ್ಷ ಚುನಾವಣೆಗೆ ನಿಂತ ದೊಡ್ಡವರೊಬ್ಬರ ಅಡ್ಡಹೆಸರಿಗೂ ಅವೇ ಎರಡಕ್ಷರ ಬಂದವು. ಜನ ಊರೂರಿಗೆ ಕೂಗಿಕೊಂಡು ಹೋದರು. ಸಾಹೇಬರು ಸೋತರು, ಓಕೆ ಗೆದ್ದಿತು.

ನಾನೂ ಮೂರು ವರ್ಷ ಫೋನಿನಲ್ಲಿ ನಿನಗೆ ಓಕೆ ಅಂದೆ. ಎಲ್ಲ ಸರಿ ಇರಲಿಲ್ಲ ಅವ್ವಾ.

ಇನ್ನೊಂದು ಕೇಳು. ಜೇ ಎಂದರೆ ಅವರ ಬೀದಿಮಾತಿನಲ್ಲಿ ಹಳ್ಳಿಯಿಂದ ಬಂದ ಪೆದ್ದ. ಪಟ್ಟಣದ ರಸ್ತೆಯನ್ನು ಅಡ್ಡಾದಿಡ್ಡಿ ದಾಟುವವನಿಗೆ ಜೇವಾಕರ್ ಎಂದು ಹೆಸರಿಟ್ಟರಂತೆ. ರೂಪಾಲಿ ಓದಿದವಳೇ, "ವೈನಿ, ಇದು ನೀವ ನೋಡ್ರಿ!" ಎಂದು ಬಿದ್ದು ಬಿದ್ದು ನಕ್ಕಳು. ಮದುವೆಯಾಗಿ ಬಂದ ವಾರ ಇಲ್ಲಿಯ ದೊಡ್ಡ ರಸ್ತೆಯಲ್ಲಿ ಅರ್ಧ ತಾಸು ನಿಂತಿದ್ದೆ. ನನ್ನ ಜೊತೆ ನಿಂತಿದ್ದ ಆಡು ನನಗಿಂತ ಮೊದಲು ದಾಟಿತ್ತು.

ಕಾಲೇಜಿನಲ್ಲಿ ಮಾತಾಡುವ ದಿನ ರೂಪಾಲಿಯ ಗಂಟಲು ಕಟ್ಟಿತು. ನನ್ನನ್ನು ಕರೆದುಕೊಂಡು ಹೋದಳು. ನಾನು ಈ ಕಥೆಗಳನ್ನು ಮರಾಠಿಯಲ್ಲಿ ಹೇಳಿದೆ. ಇಡೀ ಕೋಣೆ ನಕ್ಕಿತು, ಚಪ್ಪಾಳೆ ತಟ್ಟಿತು. ಯಾರೋ ಹುಡುಗಿ ಅದನ್ನು ಫೋನಿನಲ್ಲಿ ತೆಗೆದು ಊರಿಗೆಲ್ಲ ಹಂಚಿದಳು. ಚಹಾದಂಗಡಿಯಲ್ಲಿ ಗೆಳೆಯರು ಇವರಿಗೆ, "ಏನಪಾ ಸ್ವಪ್ನಿಲ, ನಿನ್ನ ಹೇಣ್ತಿ ಅಮೇರಿಕಾಬಾಯಿ ಆಗ್ಯಾಳಲ್ಲೋ" ಎಂದರಂತೆ. ಅವತ್ತು ಮನೆಗೆ ಬಂದವರೇ ನನ್ನ ಫೋನು ಇಸಿದುಕೊಂಡು ತಮ್ಮ ಕಪಾಟಿನಲ್ಲಿಟ್ಟರು. ಅದು ಒಡೆದಿಲ್ಲ ಅವ್ವಾ. ನೀನು ಇವರ ಫೋನಿಗೆ ಮಾಡಿದಾಗಲೆಲ್ಲ ಕೆಲಸದಲ್ಲಿದ್ದಾಳೆ ಅಂದದ್ದೂ ಸುಳ್ಳು. ರೂಪಾಲಿಯನ್ನು ಗಡಹಿಂಗ್ಲಜಕ್ಕೆ ಸೋದರತ್ತೆಯ ಮನೆಗೆ ಕಳಿಸಿಬಿಟ್ಟರು. ಈಗ ಮೆಟ್ಟಿಲ ಬಾಗಿಲಿಗೆ ಕೀಲಿ. ಕೆಳಗೆ ಮಗ್ಗ, ಮೇಲೆ ನಾನು. ನಾಲ್ಕು ತಿಂಗಳಾಯಿತು ನೆಲದ ಮೇಲೆ ಕಾಲಿಟ್ಟು. ಕಿಟಕಿಯಲ್ಲಿ ಪಕ್ಕದ ಮನೆಯ ನೀರಿನ ಟಾಕಿಯ ಬೆನ್ನೊಂದೇ ಕಾಣುತ್ತದೆ.

ಅತ್ತೆ ಕೆಟ್ಟವರಲ್ಲ. ಕೀಲಿ ಅವರ ಸೆರಗಿನಲ್ಲಿದೆ, ಆದರೆ ಕಟ್ಟಿಸಿದವರು ಇವರು. ಬಿಚ್ಚುವ ಧೈರ್ಯ ಅತ್ತೆಗಿಲ್ಲ.

ಈ ಜಾಗಕ್ಕೆ ಬಂದಾಗ ಡೆಡ್‌ಲೈನಿನ ಕಥೆ ಓದುತ್ತೇನೆ. ಮಾಲು ಇಂಥ ದಿನಕ್ಕೆ ಮುಗಿಯಬೇಕು ಎನ್ನುವುದಕ್ಕೆ ಇವರೂ ಆ ಮಾತು ಆಡುತ್ತಾರೆ. ಅದು ಹುಟ್ಟಿದ್ದು ಸೆರೆಮನೆಯಲ್ಲಿ. ಅಮೇರಿಕದವರು ತಮ್ಮತಮ್ಮಲ್ಲೇ ಯುದ್ಧ ಮಾಡಿದಾಗ ಸೆರೆಸಿಕ್ಕವರನ್ನು ಒಂದು ಬಯಲಿನಲ್ಲಿ ಕೂಡಿಹಾಕಿದ್ದರು. ಸುತ್ತ ಎತ್ತರದ ಗೋಡೆ. ಗೋಡೆಗಿಂತ ಮೂರು ಮಾರು ಒಳಗೆ ಒಂದು ತೆಳ್ಳನೆಯ ಮರದ ಪಟ್ಟಿ. ಯಾರು ಬೇಕಾದರೂ ಜಿಗಿದು ದಾಟಬಹುದು, ಅಂಥದ್ದು. ಆದರೆ ಮುಟ್ಟಿದವನಿಗೆ ಗುಂಡು. ಆ ಪಟ್ಟಿಗೆ ಇಟ್ಟ ಹೆಸರದು.

ಅವ್ವಾ, ತವರಿನವರು ಬಂದು ಕರೆಯದೆ ನಾನು ಹೊಸ್ತಿಲು ದಾಟಿದರೆ ಓಡಿಹೋದಳು ಅನ್ನುತ್ತಾರೆ. ಪಂಚಮಿಗೆ ಕರೆಯಲು ಬಂದು ಕೂತವರನ್ನು ಮಾತ್ರ ಹಾಗೇ ಹೊರಳಿಸಿ ಕಳಿಸಿದರೆ ಓಣಿಯ ಮುಂದೆ ಇವರ ಮಾನ ಹೋಗುತ್ತದೆ. ಅಣ್ಣ ಸೂರಜನನ್ನು ಕಳಿಸಬೇಡ. ಹೋದ ವರ್ಷದ ಹಾಗೆ ಇವರು ಹೆಗಲ ಮೇಲೆ ಕೈ ಹಾಕಿ, ಚಹಾ ಕುಡಿಸಿ, ಓಣಿಯ ತುದಿಯಿಂದಲೇ ಬಸ್ಸು ಹತ್ತಿಸುತ್ತಾರೆ. ನೀನೇ ಬಾ. ಕೆಳಗೆ ನಿಂತು ಓಣಿಗೆಲ್ಲ ಕೇಳುವಂತೆ ತಂಗೆವ್ವಾ ಎಂದು ಕೂಗು. ಪ್ರಾಜಕ್ತಾ ಅನ್ನಬೇಡ. ಅದು ಮದುವೆಯ ದಿನ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಇವರು ಬರೆದ ಹೆಸರು. ಆ ಹೆಸರಿಗೆ ಓ ಅಂದರೆ ಕಾಂಡಿ ತುಂಬಲು ಕೂರಬೇಕು.

ಚಿಕ್ಕವಳಿದ್ದಾಗ ನಿನ್ನ ಕಥೆಗೆ ನಾನು ಹೂಂ ಅನ್ನುತ್ತಿದ್ದೆ. ಹೂಂ ನಿಂತರೆ ನೀನೂ ನಿಲ್ಲಿಸುತ್ತಿದ್ದೆ. ಈ ಕಥೆಗೆ ನೀನು ಹೂಂ ಅನ್ನು.

ಅತ್ತೆ ಕಾಂಡಿಯ ಬುಟ್ಟಿ ಬದಿಗಿಟ್ಟರು. ಓದು ಅನ್ನುತ್ತಿದ್ದಾರೆ.

ನಿನ್ನ ಮಗಳು,
ತಂಗೆವ್ವ

ತಾ.ಕ. ಬೀಗತಿಯವರಿಗೆ ನಮಸ್ಕಾರ. ನಿಮ್ಮ ಮಗಳ ಅತ್ತಿ ನಾನು. ಅಂಟಸೂಕಿಂತ ಮೊದಲ ಬರ್ಯಾಕತ್ತೇನಿ. ಚಿಕ್ಕೋಡಿ ಕಡೇದು ನನ್ನ ತವರ. ಮೂರನೇತ್ತೆ ತನಾ ಕನ್ನಡ ಸಾಲಿ ಕಲತೇನಿ. ಇಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇರಬಿ ಸಾಲ ಅಂದದ್ದು ಸುಳ್ಳ. ಆಕಿ ಜೇಲಿನ ಕಥಿ ಹೇಳಾಕತ್ತಾಗ ನಾನು ಆಕಿ ಬರದದ್ದು ಓದಿ ಹೂಂ ಅಂದೆ. ಬಿಚ್ಚೂ ಧೈರ್ಯ ಇಲ್ಲ ಅಂತ ಬರದಾಳ, ಖರೇನ ಬರದಾಳ. ನನ್ನ ಕರಿಯಾಕ ಮೂವತ್ತೆರಡು ಪಂಚಮಿ ಯಾರೂ ಬಂದಿಲ್ರಿ. ನೀವು ಬರ್ರಿ. ಪಂಚಮಿ ಹಿಂದಿನ ದಿನ ಮುಂಜಾನೆ ಹತ್ತಕ್ಕ ಬರ್ರಿ, ಆಗ ನನ್ನ ಮಗ ನೂಲ ತರಾಕ ಹೋಗಿರತಾನ. ಕೀಲಿ ಬಿಚ್ಚಿ ಇಟ್ಟಿರತೇನಿ. ಆಕೀನ್ನ ಕೂಗಿದ ಮ್ಯಾಲೆ ನನ್ನನ್ನೂ ಒಮ್ಮೆ ಕೂಗ್ರಿ. ಇಲ್ಲಿ ಎಲ್ಲಾರೂ ಮಾಣಿಕಬಾಯಿ ಅಂತಾರ. ನೀವು ಹಾಲವ್ವ ಅನ್ರಿ.