ಹಳೆಯ ಬ್ರೌಸರ್ ತೋರಿಸಿದ ಕೆಂಪು ಸಾಲು

ದೊಡ್ಡಕ್ಕನಿಗೆ, ನಿಮ್ಮ ಬಾಗಿಲ ಹೊರಗೇ ಕೂತಿರುವ ಶಿಷ್ಯೆಯ ನಮಸ್ಕಾರ.

ಮಾತ್ರೆ ನುಂಗಬೇಡಿ. ಬೆಳಿಗ್ಗೆ ಔಷಧ ಅಂಗಡಿಯಲ್ಲಿ ನಾನೇ ಕೊಟ್ಟ ಬಿಳಿ ಪೊಟ್ಟಣದ್ದು. ಇದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಚೀಟಿಯೊಂದನ್ನು ಆಗಲೇ ಬಾಗಿಲ ಕೆಳಗೆ ತೂರಿಸಿದ್ದೇನೆ. ನೀವು ಎಳೆದುಕೊಂಡರೆ ನನಗೆ ಗೊತ್ತಾಗಲೆಂದು ಅರ್ಧ ಈಚೆಗೇ ಬಿಟ್ಟಿದ್ದೇನೆ. ಬಾಗಿಲು ಬಡಿದು ಬಡಿದು ಕೈ ಊದಿದೆ. ಫೋನ್ ಒಳಗೇ ರಿಂಗಾಗುತ್ತಿದೆ. ಊಟವಾದ ಮೇಲೆ ಕಿವಿಯ ಮಿಷನ್ ತೆಗೆದಿಟ್ಟು ಮಲಗುವುದು ನಿಮ್ಮ ಅಭ್ಯಾಸ. ಊಟ ಆಗಿದ್ದರೆ ಮಾತ್ರೆಯೂ ಆಗಿರುತ್ತದಲ್ಲ ಎಂದುಕೊಂಡಾಗಲೆಲ್ಲ ಎದ್ದು ಮತ್ತೆ ಬಾಗಿಲು ಬಡಿಯುತ್ತೇನೆ. ಆಂಬುಲೆನ್ಸಿಗೆ ಹೇಳಿದ್ದೇನೆ. ಕೆಳಗಿನ ಮನೆಯ ದರ್ಜಿ ಬೀಗ ರಿಪೇರಿಯವನನ್ನು ಕರೆತರಲು ಓಡಿದ್ದಾನೆ. ಸುಮ್ಮನೆ ಕೂತರೆ ಹುಚ್ಚು ಹಿಡಿದೀತು, ಅದಕ್ಕೇ ಬರೆಯುತ್ತಿದ್ದೇನೆ.

ಆದದ್ದು ಇಷ್ಟು. ನಿನ್ನೆ ಸಂಜೆ ಅಂಗಡಿಯ ಕಂಪ್ಯೂಟರಿನ ಬ್ರೌಸರ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ ಕೂತಿತು. ನಮ್ಮ ಔಷಧ ದಾಖಲೆಯ ಪುಟ ನೀವು ಅಂಗಡಿಯಲ್ಲಿದ್ದ ಕಾಲದ್ದು, ಹೊಸ ಬ್ರೌಸರಿಗೆ ಅದು ಒಗ್ಗಲಿಲ್ಲ. ಬೆಳಿಗ್ಗೆ ತೆರೆದರೆ ಸಾಲುಗಳು ಒಂದರ ಮೇಲೊಂದು. ಹೆಸರು, ವಯಸ್ಸು ಕಾಣುತ್ತಿತ್ತು, ಹೇಗೋ ಸುಧಾರಿಸಿದೆ. ಯಾರಿಗೆ ಯಾವ ಔಷಧ ಆಗಿಬರುವುದಿಲ್ಲವೆಂದು ಹೆಸರಿನ ಮೇಲೆ ಬರುತ್ತಿದ್ದ ಕೆಂಪು ಸಾಲು ಮಾತ್ರ ಮಾಯವಾಗಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಕೆಂಪು ಇಲ್ಲವೆಂದರೆ ತೊಂದರೆ ಇಲ್ಲ ಎಂದು ಹತ್ತು ವರ್ಷದಿಂದ ಕಣ್ಣಿಗೆ ರೂಢಿ.

ಕಂಪ್ಯೂಟರ್ ರಿಪೇರಿಯವನು ಬಂದದ್ದು ಹನ್ನೆರಡೂವರೆಗೆ. "ಹೊಸದನ್ನ ಕಿತ್ತಾಕಿ ಹಳೇದನ್ನೇ ಹಾಕಿದೀನಿ, ಈಗ ನೋಡಿ" ಎಂದ. ಬೆಳಗಿನ ಹೆಸರುಗಳನ್ನು ಒಂದೊಂದಾಗಿ ತೆರೆದೆ. ಆರು ಜನಕ್ಕೆ ಏನೂ ಇರಲಿಲ್ಲ. ಏಳನೆಯದು ನಿಮ್ಮದು. ಮೇಲೆ ಕೆಂಪು ಸಾಲು: ನಾನು ಕೊಟ್ಟ ಜಾತಿಯ ಔಷಧದಿಂದಲೇ ಹಿಂದೆ ಗಂಟಲು ಊದಿ ಉಸಿರು ಕಟ್ಟಿತ್ತು. ಅಂಗಡಿಯನ್ನು ಹಾಗೇ ಬಿಟ್ಟು ಓಡಿಬಂದೆ.

ದೊಡ್ಡಕ್ಕ, ತಪ್ಪನ್ನು ಬ್ರೌಸರಿನ ತಲೆಗೆ ಕಟ್ಟಿ ನುಣುಚಿಕೊಳ್ಳಲಾರೆ. "ಕಂಪ್ಯೂಟರ್ ಏನಾದ್ರೂ ಹೇಳ್ಲಿ, ನೀನು ಬಾಯಿಬಿಟ್ಟು ಕೇಳು, ಯಾವ ಔಷಧ ಆಗಲ್ಲ ನಿಮಗೆ ಅಂತ" ಎಂದು ಕಲಿಸಿದವರು ನೀವು. ಆ ಆರು ಜನರನ್ನೂ ಕೇಳಿದ್ದೆ. ನಿಮ್ಮನ್ನು ಮಾತ್ರ ಕೇಳಲಿಲ್ಲ. ಮಿಷನ್ ಹಾಕಿದ್ದರೂ ನಿಮಗೆ ಕೇಳಿಸಬೇಕಾದರೆ ಕಿರುಚಬೇಕು. ಕಲಿಸಿದವರಿಗೇ ಎಲ್ಲರೆದುರು ಕಿರುಚಿ ಪಾಠ ಹೇಳುವುದೇ ಎಂದು ಸಂಕೋಚವಾಯಿತು. ಪೊಟ್ಟಣದ ಮೇಲೆ 'ಮಧ್ಯಾಹ್ನ ಊಟದ ಮೇಲೆ' ಎಂದು ಬರೆದು ಕೊಟ್ಟುಬಿಟ್ಟೆ. ನೀವೂ ಬಿಚ್ಚಿ ನೋಡದೆ ಚೀಲಕ್ಕೆ ಹಾಕಿಕೊಂಡು, "ನೀನು ಕೊಟ್ಟ ಮೇಲೆ ನಾನೇನು ನೋಡೋದೇ, ಗಡಿಬಿಡಿ?" ಎಂದು ನೀವೇ ಇಟ್ಟ ಅಡ್ಡಹೆಸರು ಹಿಡಿದು ನಕ್ಕಿರಿ.

ಒಂದು ಗಂಟೆ ಹತ್ತು ನಿಮಿಷ. ದರ್ಜಿಯ ಸುಳಿವಿಲ್ಲ. ಎಂದಾದರೂ ಊಟ ತಡ ಮಾಡಿದ್ದರೆ, ಅದು ಇವತ್ತೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ನೀವು ಬಾಗಿಲು ತೆರೆದರೆ ಮೊದಲು ಗಂಟಲು ಕಿತ್ತುಹೋಗುವಂತೆ ಆ ಪ್ರಶ್ನೆ ಕೇಳುತ್ತೇನೆ, ಇಡೀ ಬೀದಿಗೆ ಕೇಳಿಸಲಿ.

ಚೀಟಿ ಈಗಷ್ಟೇ ಒಂದು ಬೆರಳಿನಷ್ಟು ಒಳಗೆ ಸರಿಯಿತು. ಗಾಳಿಯೋ, ನೀವೋ ತಿಳಿಯದು. ಎಳೆಯಿರಿ ದೊಡ್ಡಕ್ಕ, ಪೂರ್ತಿ ಎಳೆಯಿರಿ.

ನನ್ನನ್ನು ಬೈಯುತ್ತಾ ನೂರು ವರ್ಷ ಬಾಳಿ.

ನಿಮ್ಮ ಗಡಿಬಿಡಿ